ಮೊದಲು ಕೇಳಬೇಕಾದವಳು

ಸಿಲ್ವಾನ ಉಪದೇಶಿ ತನ್ನ ಹೆಂಡತಿ ಲೀದಿಯಳನ್ನು ಮೆಟ್ಟಿಲಿನಿಂದ ದೂಡಿದ್ದು ೧೯೫೫ರ ಆಟಿ ತಿಂಗಳ ಮಳೆಗಾಲದಲ್ಲಿ, ಮಗಳನ್ನು ಮಣ್ಣು ಮಾಡಿ ಬಂದ ದಿನ. ಅವರಿಬ್ಬರನ್ನು ಬಿಟ್ಟರೆ ಈ ಸಂಗತಿ ಆರು ವರ್ಷ ಯಾರಿಗೂ ಗೊತ್ತಿರಲಿಲ್ಲ.

ಕಡಬದಿಂದ ಸುಬ್ರಹ್ಮಣ್ಯದ ಕಡೆಗೆ ಹೋಗುವ ದಾರಿಯಲ್ಲಿ ಆಗ ಹದಿನಾಲ್ಕು ಕ್ರೈಸ್ತ ಮನೆಗಳಿದ್ದವು. ಅವರಿಗೊಂದು ಸಣ್ಣ ಚರ್ಚು, ಅದರ ಹಿಂದೆ ಒಂದೇ ಕೋಣೆಯ ಶಾಲೆ, ಶಾಲೆಯ ಬೆನ್ನಿಗೆ ಉಪದೇಶಿಗೆಂದು ಕಟ್ಟಿದ ಬಿಡಾರ. ಪುತ್ತೂರಿನಿಂದ ಪಾದ್ರಿ ಅಯ್ಯನವರು ತಿಂಗಳಿಗೊಮ್ಮೆ ಬರುತ್ತಿದ್ದರು. ಉಳಿದ ಭಾನುವಾರಗಳಲ್ಲಿ ಪ್ರಸಂಗ ಮಾಡುವುದು, ವಾರವಿಡೀ ಮಕ್ಕಳಿಗೆ ಅಕ್ಷರ ಕಲಿಸುವುದು, ಸತ್ತವರಿಗೆ ಪ್ರಾರ್ಥನೆ ಹೇಳುವುದು ಸಿಲ್ವಾನನ ಕೆಲಸ. ಮೂವತ್ತು ದಾಟಿದ, ಸಪೂರ ದೇಹದ, ಗಟ್ಟಿ ಸ್ವರದ ಮನುಷ್ಯ. ಜನ ಅವನನ್ನು ಗೌರವಿಸುತ್ತಿದ್ದರು. ಸ್ವಲ್ಪ ಹೆದರುತ್ತಲೂ ಇದ್ದರು.

ಮದುವೆಯಾಗಿ ಎಂಟು ವರ್ಷದ ಮೇಲೆ ಹುಟ್ಟಿದ ಮಗು ಸುಗುಣ. ಹತ್ತು ತಿಂಗಳಾಗಿದ್ದಾಗ ಜ್ವರ ಬಂತು. ಎರಡನೆಯ ದಿನ ಫಿಟ್ಸು ಶುರುವಾಯಿತು. ಹೊಳೆ ಕೆಂಪಾಗಿ ತುಂಬಿ ಹರಿಯುತ್ತಿತ್ತು, ಕಡವಿನ ದೋಣಿ ನಿಂತು ನಾಲ್ಕು ದಿನವಾಗಿತ್ತು. ಪುತ್ತೂರಿನ ಆಸ್ಪತ್ರೆಗೆ ಹೋಗುವ ಮಾತೇ ಇರಲಿಲ್ಲ. ಸಿಲ್ವಾನ ಚಾಪೆಯ ಪಕ್ಕದಲ್ಲಿ ಮೊಣಕಾಲೂರಿ ಕುಳಿತ. ಊಟ ಬಿಟ್ಟು ಪ್ರಾರ್ಥಿಸಿದ. ಮಧ್ಯಾಹ್ನ ಅವನು ಒಂದು ಗಳಿಗೆ ಶಾಲೆಯ ಕಡೆ ಹೋದಾಗ ಲೀದಿಯ ಮಗುವನ್ನೆತ್ತಿಕೊಂಡು ನೆರೆಮನೆಗೆ ಓಡಿದಳು. ಅದು ಮರದ ಲಾರಿ ಓಡಿಸುತ್ತಿದ್ದ ಆದಂ ಕುಂಞಿಯ ಮನೆ. ಅವನ ತಾಯಿ ಪಾತು ಮಗುವಿನ ಹಣೆ ಮುಟ್ಟಿ ನೋಡಿ, ಏನೂ ಕೇಳದೆ, ಮಸೀದಿಯ ಮುಸ್ಲಿಯಾರ್ ಮಂತ್ರಿಸಿ ಊದಿ ಕೊಟ್ಟಿದ್ದ ಒಂದು ಕಪ್ಪು ನೂಲನ್ನು ತಂದು ಅದರ ಸೊಂಟಕ್ಕೆ ಕಟ್ಟಿದಳು.

ಮೂರನೆಯ ಬೆಳಿಗ್ಗೆ ಮಗು ತೀರಿಕೊಂಡಿತು.

ಹೆಣಕ್ಕೆ ಬಿಳಿ ಬಟ್ಟೆ ಸುತ್ತುವಾಗ ಸಿಲ್ವಾನನ ಕೈಗೆ ಆ ನೂಲು ಸಿಕ್ಕಿತು. ಯಾರೂ ನೋಡದ ಹಾಗೆ ಹರಿದು ಜೇಬಿಗೆ ಹಾಕಿಕೊಂಡ. ಗುಂಡಿಯ ಬಳಿ ಪ್ರಾರ್ಥನೆಯನ್ನೂ ಅವನೇ ಹೇಳಿದ, ಹೇಳಬಲ್ಲವರು ಬೇರೆ ಯಾರೂ ಇರಲಿಲ್ಲ. ಬಂದವರೆಲ್ಲ ಹೋದ ಮೇಲೆ ಶಾಲೆಯ ಜಗಲಿಯಲ್ಲಿ ಲೀದಿಯ ಒಬ್ಬಳೇ ನಿಂತಿದ್ದಳು. ಅವನು ಹೋಗಿ ಅವಳ ಮುಂದೆ ಅಂಗೈ ಬಿಚ್ಚಿದ.

"ಇದು ಎಂತ?"

"ನೂಲು."

"ಯಾರು ಕಟ್ಟಿದ್ದು?"

"ನಾನೇ ಕೇಳಿ ಕಟ್ಟಿಸಿದ್ದು."

"ನಾನು ಮಾಡಿದ ಪ್ರಾರ್ಥನೆ ನಿನಗೆ ಸಾಲಲಿಲ್ಲವಾ?"

ಮಗಳ ಸಮಾಧಿಯ ಹಸಿ ಮಣ್ಣಿನ ಕಡೆಗೆ ಲೀದಿಯ ನೋಡಿದಳು. "ಸಾಲಲಿಲ್ಲವಲ್ಲ," ಅಂದಳು.

ಅವನು ಎರಡೂ ಕೈಯಿಂದ ದೂಡಿದ. ಐದು ಮೆಟ್ಟಿಲು, ಕೆಂಪು ಮುರಕಲ್ಲಿನವು. ಕೊನೆಯ ಮೆಟ್ಟಿಲಿನ ಅಂಚು ಅವಳ ಸೊಂಟಕ್ಕೆ ಬಡಿಯಿತು. ಅವಳು ಕೂಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಕಾಲು ಎಲ್ಲಿ ಉಂಟು ಗೊತ್ತಾಗುದಿಲ್ಲ," ಅಂದಳು.

ಹೊಳೆ ಇಳಿದ ಮೇಲೆ ಆಸ್ಪತ್ರೆಗೆ ಕೊಂಡುಹೋದರು. ಏನಾಯಿತು ಎಂದು ಡಾಕ್ಟರು ಕೇಳಿದಾಗ ಸಿಲ್ವಾನ ಬಾಯಿ ತೆರೆಯುವ ಮೊದಲೇ ಲೀದಿಯ ಹೇಳಿದಳು, "ಪಾಚಿ ಇತ್ತು. ಜಾರಿದೆ." ಬೆನ್ನುಹುರಿಗೆ ಏಟು ಬಿದ್ದಿದೆ, ಇನ್ನು ಕಾಲು ಬರಲಿಕ್ಕಿಲ್ಲ ಎಂದು ಡಾಕ್ಟರು ಹೇಳಿ ಕಳುಹಿಸಿದರು.

ಅಲ್ಲಿಂದ ಆರು ವರ್ಷ ಸಿಲ್ವಾನ ಪ್ರಸಂಗ ಮಾಡಿದ. ಹೊತ್ತುಹೊತ್ತಿಗೆ ಹೆಂಡತಿಯ ಮಗ್ಗುಲು ತಿರುಗಿಸಿದ, ಮಲಮೂತ್ರ ತೆಗೆದ, ಗಂಜಿ ಉಣಿಸಿದ. ಎಂಥ ಗಂಡ ಎಂದು ಸಭೆಯ ಹೆಂಗಸರು ಹೊಗಳಿದರು. ಅವನು ತನಗೆ ತಾನೇ ಒಂದು ಮಾತು ಹೇಳಿಕೊಂಡಿದ್ದ: ಕೈ ನನ್ನದಿರಬಹುದು, ಶಿಕ್ಷೆ ದೇವರದು, ಅವಳು ನಂಬಿಕೆ ಬಿಟ್ಟು ನೂಲಿನ ಹಿಂದೆ ಹೋದಳು, ದೇವರು ಅವಳ ಕಾಲು ತೆಗೆದ. ದಿನಕ್ಕೆ ಹತ್ತು ಸಲ ಹೇಳಿಕೊಂಡರೆ ಆ ಮಾತು ಗಟ್ಟಿಯಾಗಿ ನಿಲ್ಲುತ್ತಿತ್ತು. ಹೇಳಿಕೊಳ್ಳದ ದಿನ ನಿಲ್ಲುತ್ತಿರಲಿಲ್ಲ. ಲೀದಿಯ ಮಾತ್ರ ಆ ದಿನದ ಸುದ್ದಿಯನ್ನೇ ಎತ್ತಲಿಲ್ಲ.

ಈ ನಡುವೆ ಪಾತು ತೀರಿಕೊಂಡಳು. ಆದಂ ಕುಂಞಿಯ ಹೆಂಡತಿ ಸುಹರಾ ದಿನಕ್ಕೊಮ್ಮೆ ಬಂದು ಲೀದಿಯಳ ತಲೆ ಬಾಚಿ ಹೋಗುತ್ತಿದ್ದಳು.

೧೯೬೧ರ ಫೆಬ್ರವರಿಯಲ್ಲಿ ಆದಂ ಕುಂಞಿ ಪುತ್ತೂರಿನಿಂದ ಒಂದು ನೋಟೀಸು ತಂದ. ಮೂರು ದಿನ ಸ್ವಸ್ಥತೆಯ ಪ್ರಾರ್ಥನಾ ಕೂಟ, ತಮಿಳು ಸೀಮೆಯಿಂದ ಒಬ್ಬ ಬೋಧಕರು ಬರುತ್ತಾರೆ, ಕುಂಟರು ನಡೆಯುತ್ತಾರೆ ಎಂದು ಅದರಲ್ಲಿತ್ತು.

"ಉಪದೇಶಿಗಳೇ, ಅಕ್ಕನನ್ನು ಕರ್ಕೊಂಡು ಹೋಗುವ," ಅಂದ. "ನನ್ನ ಲಾರಿ ಹೇಗೂ ಪುತ್ತೂರಿಗೆ ಹೋಗುದು. ಹಿಂದೆ ಮಂಚ ಇಟ್ಟರೆ ಆಯ್ತು."

"ಅಂಥ ಕೂಟಗಳು ನಮ್ಮ ಸಭೆಯವರದ್ದಲ್ಲ ಸಾಹೇಬರೇ," ಎಂದ ಸಿಲ್ವಾನ.

"ಯಾರದ್ದಾದರೆ ಎಂತ? ಗುಣ ಆದರೆ ಸಾಕಲ್ಲ."

ಒಳಗಿನಿಂದ ಲೀದಿಯ, "ಹೋಗುವ," ಎಂದಳು. ಅವಳು ಆರು ವರ್ಷದಲ್ಲಿ ತನಗಾಗಿ ಕೇಳಿದ ಮೊದಲ ಸಂಗತಿ ಅದು. ಸಿಲ್ವಾನನಿಗೆ ಇಲ್ಲ ಅನ್ನಲಾಗಲಿಲ್ಲ.

ಮಂಚ ಹೊರಲು ನಾಲ್ಕು ಜನ ಬೇಕಾಯಿತು. ಸಿಲ್ವಾನ, ಆದಂ ಕುಂಞಿ, ಲಾರಿಗೆ ಮರ ಹೇರುವ ಕುಕ್ಕಪ್ಪ, ಮತ್ತೆ ರಸ್ತೆಯಾಚೆಯ ಬೆಳ್ಯಪ್ಪ ಗೌಡರು. ಗೌಡರು ಸುಳ್ಯದ ಕಡೆಯಿಂದ ಬಂದು ಗದ್ದೆ ಮಾಡಿದವರು, ಮಾತು ಕಡಿಮೆ. "ಕೆಲಸ ಇಲ್ಲ, ಬರ್ತೇನೆ," ಎಂದಷ್ಟೇ ಹೇಳಿ ಹೆಗಲ ಮೇಲೆ ಉದ್ದದ ಬೈರಾಸು ವಸ್ತ್ರ ಹಾಕಿಕೊಂಡು ಬಂದರು. ಉಪ್ಪಿನಂಗಡಿ ಸುತ್ತಿ ಪುತ್ತೂರು ಮುಟ್ಟುವಾಗ ಮಧ್ಯಾಹ್ನವಾಗಿತ್ತು. ದಾರಿಯುದ್ದಕ್ಕೂ ಲೀದಿಯ ಲಾರಿಯ ಹಲಗೆಯ ಸಂದಿನಿಂದ ಹೊರಗೆ ನೋಡುತ್ತಿದ್ದಳು.

ಬಯಲಿನಲ್ಲಿ ಚಪ್ಪರ ಹಾಕಿದ್ದರು. ಜನ ಕಿಕ್ಕಿರಿದಿತ್ತು. ನಾಲ್ವರೂ ಮಂಚ ಹೊತ್ತು ನುಗ್ಗುವಾಗ ಜನರೇ ದಾರಿ ಬಿಟ್ಟರು. ಬೋಧಕರು ಅಂದಿನ ಪ್ರಸಂಗಕ್ಕೆ ಆರಿಸಿಕೊಂಡದ್ದೂ ಸುವಾರ್ತೆಯ ಅದೇ ಭಾಗ: ಮನೆಯ ಮಾಡು ತೆರೆದು ನಾಲ್ವರು ಯೇಸುವಿನ ಮುಂದೆ ಇಳಿಸಿದ ಆ ಪಾರ್ಶ್ವವಾಯು ರೋಗಿ. ಬೋಧಕರು ತಮಿಳಿನಲ್ಲಿ ಹೇಳಿದ್ದನ್ನು ಒಬ್ಬರು ಕನ್ನಡ ಮಾಡುತ್ತಿದ್ದರು. "ಯೇಸು ಅವನಿಗೆ ಮೊದಲು ಏಳು ಅನ್ನಲಿಲ್ಲ. ಮೊದಲು ಪಾಪ ಕ್ಷಮಿಸಿದ. ಪಾಪ ಹೋಗದೆ ರೋಗ ಹೋಗುದಿಲ್ಲ. ಇಲ್ಲಿ ಮಲಗಿರುವವರಲ್ಲಿ ಯಾರು ಯಾವ ಪಾಪ ಮುಚ್ಚಿಟ್ಟಿದ್ದೀರಿ?"

ಲೀದಿಯಳ ಸರದಿ ಬಂತು. ಬೋಧಕರು ಅವಳ ತಲೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದರು. ತರ್ಜುಮೆಯವರು ಮೈಕನ್ನು ಅವಳ ಬಾಯಿಯ ಹತ್ತಿರ ಹಿಡಿದು, "ಹೇಳಮ್ಮ, ಮುಚ್ಚಿಡಬೇಡ," ಅಂದರು.

ಸಿಲ್ವಾನ ಮಂಚದ ಕಾಲು ಹಿಡಿದು ನಿಂತಿದ್ದ.

"ನನ್ನ ಮಗುವಿಗೆ ಜ್ವರ ಬಂದಾಗ ನಾನು ಮಂತ್ರಿಸಿದ ನೂಲು ಕಟ್ಟಿಸಿದೆ," ಎಂದು ಲೀದಿಯ ಹೇಳಿದಳು. ಅವಳ ಸಣ್ಣ ಸ್ವರ ಬಯಲಿಡೀ ಕೇಳಿತು. "ಉಪದೇಶಿಯ ಹೆಂಡತಿಯಾಗಿ ಹಾಗೆ ಮಾಡಿದೆ. ಮಗು ಸತ್ತಿತು. ಆಮೇಲೆ ನನ್ನ ಕಾಲು ಹೋಯಿತು."

ಜನ "ಸ್ತೋತ್ರ, ಸ್ತೋತ್ರ" ಅಂದರು. ಬೋಧಕರು ಅವಳ ಪಾಪ ಕ್ಷಮಿಸಲ್ಪಟ್ಟಿತೆಂದು ಸಾರಿ, ಎದ್ದು ನಿಲ್ಲು ಎಂದರು. ಇಬ್ಬರು ಗಂಡಸರು ಕಂಕುಳಿಗೆ ಕೈ ಹಾಕಿ ಎತ್ತಿದರು. ಲೀದಿಯ ಹಲ್ಲು ಕಚ್ಚಿಕೊಂಡಳು. ಅವಳ ಕುತ್ತಿಗೆಯ ನರ ಉಬ್ಬಿತು. ಕೈ ಬಿಡಿ ಎಂದು ಬೋಧಕರು ಹೇಳಿದರು, ಅವರು ಬಿಟ್ಟರು. ಕಾಲುಗಳು ಬಟ್ಟೆಯ ಹಾಗೆ ಮಡಚಿಕೊಂಡವು. ಅವಳು ಮುಖ ಅಡಿಯಾಗಿ ಬಿದ್ದಳು, ಸೀರೆ ಮೊಣಕಾಲಿನವರೆಗೆ ಸರಿಯಿತು. ಬೆಳ್ಯಪ್ಪ ಗೌಡರು ಮುಂದೆ ಹೋಗಿ ತಮ್ಮ ಬೈರಾಸನ್ನು ಅವಳ ಕಾಲಿನ ಮೇಲೆ ಹಾಕಿದರು.

"ಇನ್ನೂ ಏನೋ ಉಂಟು," ಎಂದು ತರ್ಜುಮೆಯವರು ಹೇಳಿದರು. "ಪೂರ್ತಿ ಹೇಳಲಿಲ್ಲ." ಅಷ್ಟರಲ್ಲಿ ಮುಂದಿನವರನ್ನು ಕರೆದರು.

ಹಿಂದಿರುಗುವಾಗ ಉಪ್ಪಿನಂಗಡಿಯ ಹತ್ತಿರ ಆದಂ ಕುಂಞಿ ಎಂಜಿನಿಗೆ ನೀರು ಹಾಕಲು ಲಾರಿ ನಿಲ್ಲಿಸಿದ. ಸಿಲ್ವಾನನೂ ಇಳಿದು ಹೊಳೆಯ ದಂಡೆಗೆ ಹೋದ. ಡಬ್ಬ ಮುಳುಗಿಸುತ್ತಾ ಆದಂ ಕುಂಞಿ ಅವನ ಮುಖ ನೋಡದೆ ಮಾತಾಡಿದ.

"ಆ ನೂಲು ಕೊಟ್ಟದ್ದು ನನ್ನ ಉಮ್ಮ. ನನಗೆ ಗೊತ್ತುಂಟು. ಮಗು ಹೋದ ಮೇಲೆ ಉಮ್ಮ ಎರಡು ದಿನ ಅನ್ನ ಮುಟ್ಟಲಿಲ್ಲ."

ಆದಂ ಕುಂಞಿ ಡಬ್ಬವನ್ನು ಇನ್ನಷ್ಟು ಒಳಗೆ ಒತ್ತಿದ.

"ಇವತ್ತು ಅಷ್ಟು ಜನರ ಎದುರು ಅದು ಪಾಪದ ನೂಲು ಅಂತ ಆಯ್ತು. ನನಗೆ ನಿಮ್ಮ ಶಾಸ್ತ್ರ ಗೊತ್ತಿಲ್ಲ ಉಪದೇಶಿಗಳೇ. ಒಂದು ಕೇಳ್ತೇನೆ. ತಾಯಿಯೊಬ್ಬಳು ಮಗುವಿಗೆ ನೂಲು ಕಟ್ಟಿದರೆ ನಿಮ್ಮ ದೇವರು ಸೊಂಟ ಮುರಿಯುದಾ?"

ಅವನ ಸ್ವರದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ನೋವು ಇತ್ತು. ಸಿಲ್ವಾನ ಆರು ವರ್ಷ ಹೇಳಿಕೊಂಡ ಮಾತನ್ನು ಹೇಳಲು ಬಾಯಿ ತೆರೆದ. ಅದು ಬರಲಿಲ್ಲ.

"ದೇವರು ಮುರಿಯಲಿಲ್ಲ," ಅಂದ. "ನಾನು. ಆ ದಿನ ನಾನು ಅವಳನ್ನು ಮೆಟ್ಟಿಲಿನಿಂದ ದೂಡಿದೆ."

ಡಬ್ಬ ತುಂಬಿ ಮುಳುಗಿತ್ತು. ಆದಂ ಕುಂಞಿ ಅದನ್ನು ಎತ್ತಲಿಲ್ಲ. "ಇದನ್ನು ನನಗೆ ಯಾಕೆ ಹೇಳಿದಿರಿ?" ಎಂದು ಕೇಳಿದ. "ಇದನ್ನು ಇಟ್ಟುಕೊಂಡು ನಾನು ಎಂತ ಮಾಡುದು?"

ಮನೆ ಮುಟ್ಟಿದ ಮೇಲೆ ಮಂಚ ಇಳಿಸಲು ಆದಂ ಕುಂಞಿ ಹೆಗಲು ಕೊಟ್ಟ. ಲೀದಿಯಳ ತಲೆಯ ಅಡಿಗೆ ದಿಂಬು ಸರಿಮಾಡಿದ. ಸಿಲ್ವಾನನ ಕಡೆ ನೋಡದೆ ಹೋದ. ಆ ಮೇಲೆ ಒಂದು ವರ್ಷ ಅವರ ನಡುವೆ ಮಾತಿರಲಿಲ್ಲ.

ಮರುದಿನದಿಂದ ಸಿಲ್ವಾನನಿಗೆ ಅನ್ನ ಸೇರಲಿಲ್ಲ. ಒಮ್ಮೆ ಹೊರಗೆ ಬಿದ್ದ ಮಾತು ಮತ್ತೆ ಒಳಗೆ ಹೋಗುವುದಿಲ್ಲವೆಂದು ಅವನಿಗೆ ತಿಳಿಯಿತು. ಭಾನುವಾರ ಚರ್ಚಿನಲ್ಲಿ ಕೀರ್ತನೆ ಮುಗಿದ ಮೇಲೆ ಅವನು ಪ್ರಸಂಗದ ಪೀಠ ಹತ್ತಲಿಲ್ಲ. ಬೆಂಚುಗಳ ಎದುರು ಕೆಳಗೆ ನಿಂತು, ನೂಲು ಸಿಕ್ಕಿದ್ದರಿಂದ ಹಿಡಿದು ಮೆಟ್ಟಿಲಿನವರೆಗೆ ಎಲ್ಲವನ್ನೂ ಹೇಳಿದ. ಹೇಳುವಾಗ ಅತ್ತ. ಹೇಳಿ ಮುಗಿಸಿದಾಗ ಎದೆಯ ಮೇಲಿನ ಕಲ್ಲು ಸರಿದಂತೆ ಉಸಿರು ಸಲೀಸಾಗಿ ಬಂತು. ಇದೇ ಕ್ಷಮೆ ಎಂದು ಅವನಿಗೆ ಅನಿಸಿತು.

ಸಭೆಯ ಹಿರಿಯ ಜೆರೆಮೀಯ ಎದ್ದು, "ಇದು ಹೊರಗೆ ಬರಬಾರದಿತ್ತು. ಇನ್ನು ಅಯ್ಯನವರು ಬರಲಿ," ಅಂದರು.

ಚರ್ಚು ಬಿಟ್ಟ ಹೆಂಗಸರು ನೇರ ಬಿಡಾರಕ್ಕೆ ಹೋದರು. ಸಿಲ್ವಾನ ಬರುವಾಗ ಅವರು ಮಂಚದ ಸುತ್ತ ನಿಂತು ಅಳುತ್ತಿದ್ದರು. ಅವರನ್ನೆಲ್ಲ ಕಳುಹಿಸಿದ ಮೇಲೆ ಲೀದಿಯ ಅವನನ್ನು ಹತ್ತಿರ ಕರೆದಳು. ಅವಳ ಮುಖದಲ್ಲಿ ಅವನು ಹಿಂದೆಂದೂ ಕಾಣದ ಸಿಟ್ಟಿತ್ತು.

"ಯಾರನ್ನು ಕೇಳಿ ಹೇಳಿದಿರಿ?"

"ಪಾಪ ಒಪ್ಪಿಕೊಂಡೆ ಲೀದಿಯ. ಇನ್ನು ಮುಚ್ಚಿಡಲಿಕ್ಕೆ ನನ್ನಿಂದ ಆಗಲಿಲ್ಲ."

"ನಿಮ್ಮಿಂದ ಆಗಲಿಲ್ಲ. ಆರು ವರ್ಷ ಮುಚ್ಚಿಟ್ಟದ್ದು ಯಾರು? ಆಸ್ಪತ್ರೆಯಲ್ಲಿ ಹೇಳಿದ್ದು ಯಾರು?" ಅವಳು ಉಸಿರು ತೆಗೆದುಕೊಂಡಳು. "ನಿಮ್ಮ ಮೇಲಿನ ಪ್ರೀತಿಗೆ ಅಂತ ತಿಳಿಯಬೇಡಿ. ನಿಮ್ಮನ್ನು ಪೊಲೀಸರು ಹಿಡಿದರೆ ನನ್ನನ್ನು ಯಾರು ತಿರುಗಿಸಿ ಮಲಗಿಸುದು? ಮತ್ತೆ, ನನಗೂ ಹಾಗೇ ಅನಿಸಿತ್ತು. ನೂಲಿಗೆ ಸಿಕ್ಕಿದ ಶಿಕ್ಷೆ ಅಂತ. ನೀವು ಹೇಳದಿದ್ದರೂ ನಿಮ್ಮ ಮುಖ ನನಗೆ ಅದನ್ನೇ ಹೇಳ್ತಿತ್ತು."

"ಲೀದಿಯ..."

"ಪುತ್ತೂರಿಗೆ ಹೋಗುವ ಅಂದದ್ದು ಅದಕ್ಕೇ. ಎಲ್ಲರ ಎದುರು ಹೇಳಿಬಿಡುವ, ಕಾಲು ಬರ್ತದೆ ಅಂತ. ಹೇಳಿದೆ. ಕಾಲು ಬರಲಿಲ್ಲ. ಆ ಮಣ್ಣಿನ ಮೇಲೆ ಬಿದ್ದಾಗ ನನಗೆ ಗೊತ್ತಾಯ್ತು, ಅದು ಪಾಪವೇ ಆಗಿರಲಿಲ್ಲ. ಕ್ಷಮಿಸಲಿಕ್ಕೆ ಅಲ್ಲಿ ಎಂತದೂ ಇರಲಿಲ್ಲ." ಅವಳು ಕಣ್ಣು ಒರೆಸಿಕೊಳ್ಳಲಿಲ್ಲ. "ಈಗ ನೀವು ಹೇಳಿ ಹಗುರ ಆದಿರಿ. ನಾನು ನಾಳೆಯಿಂದ ಗಂಡ ದೂಡಿ ಹಾಕಿದ ಹೆಂಗಸು. ಬಂದವರೆಲ್ಲ ನನ್ನ ಕಾಲು ನೋಡಿ ಅಳ್ತಾರೆ. ಲಾರಿಯವರ ಹತ್ರ ಹೇಳಿದಿರಂತೆ, ಸುಹರಾ ಹೇಳಿದಳು. ಆಮೇಲೆ ಹದಿನಾಲ್ಕು ಮನೆಯವರ ಹತ್ರ. ದೇವರ ಹತ್ರವೂ ಹೇಳಿರಬಹುದು. ನನ್ನನ್ನು ಕೇಳಿದ್ದು ಯಾವಾಗ?"

ಸಿಲ್ವಾನ ಮಂಚದ ಪಕ್ಕ ಕುಸಿದು ಕುಳಿತ. "ಕ್ಷಮಿಸು," ಅಂದ. ಆ ಕೋಣೆಯಲ್ಲಿ ಆ ಮಾತು ಮೊದಲ ಸಲ ಬಂದದ್ದು ಆಗ.

"ಈಗ ಕೇಳಿದಿರಲ್ಲ. ನಾನು ಈಗಲೇ ಕೊಡಬೇಕು ಅಂತ ಇಲ್ಲ," ಎಂದು ಲೀದಿಯ ಗೋಡೆಯ ಕಡೆ ಮುಖ ತಿರುಗಿಸಿದಳು. "ಇನ್ನು ಈ ಮನೆಯಲ್ಲಿ ಜೋರಾಗಿ ಪ್ರಾರ್ಥನೆ ಮಾಡಬೇಡಿ. ಮಾಡುದಾದರೆ ಹೊರಗೆ."

ಪಾದ್ರಿ ಅಯ್ಯನವರು ಬಂದರು. ಬೈಯಲಿಲ್ಲ. ಸಿಲ್ವಾನನ ಉಪದೇಶಿ ಕೆಲಸ ಹೋಯಿತು, ಒಂದು ವರ್ಷ ಕರ್ತನ ಭೋಜನದಿಂದ ದೂರ ಇರಬೇಕೆಂದಾಯಿತು. ಬಿಡಾರ ಶಾಲೆಯದ್ದಾದ್ದರಿಂದ ತಿಂಗಳೊಳಗೆ ಬಿಡಬೇಕಾಯಿತು. ಬೇಕಾದರೆ ನಿನ್ನನ್ನು ಮಂಗಳೂರಿನ ಆಶ್ರಮಕ್ಕೆ ಸೇರಿಸುತ್ತೇವೆ, ಅಲ್ಲಿ ನೋಡಿಕೊಳ್ಳುವವರಿದ್ದಾರೆ ಎಂದು ಅಯ್ಯನವರು ಲೀದಿಯಳನ್ನು ಕೇಳಿದರು. ಅವಳು ಸ್ವಲ್ಪ ಯೋಚಿಸಿದಳು. "ಬೇಡ. ಮಗು ಇಲ್ಲೇ ಉಂಟು," ಅಂದಳು.

ಜಾಗ ಕೊಟ್ಟದ್ದು ಬೆಳ್ಯಪ್ಪ ಗೌಡರು. ಗದ್ದೆಯ ಬದಿಯಲ್ಲಿ ಬತ್ತ ತುಂಬುತ್ತಿದ್ದ ಒಂದು ಕೊಟ್ಟಿಗೆ ಇತ್ತು. ಅದರ ನೆಲಕ್ಕೆ ಸೆಗಣಿ ಸಾರಿಸಿ, ಮಾಡಿಗೆ ಮುಳಿಹುಲ್ಲು ಹೊದೆಸಿ ಕೊಟ್ಟರು. ಅವರ ಹೆಂಡತಿ ದಮಯಂತಿ, "ಅಂಥವನಿಗೆ ಜಾಗ ಕೊಡುದಾ?" ಎಂದು ಕೇಳಿದಾಗ, "ಅವನಿಗಲ್ಲ, ಆ ಹೆಂಗಸಿಗೆ," ಎಂದಷ್ಟೇ ಹೇಳಿದರಂತೆ.

ಸಿಲ್ವಾನ ಮುರಕಲ್ಲು ಕಡಿಯುವ ಕೆಲಸಕ್ಕೆ ಸೇರಿದ. ಸೀಮೆಸುಣ್ಣ ಹಿಡಿದ ಕೈಯಲ್ಲಿ ಗುಳ್ಳೆ ಎದ್ದು ಒಡೆಯಿತು. ಬೆಳಿಗ್ಗೆ ಅವಳನ್ನು ತೊಳೆದು, ಗಂಜಿ ಕೊಟ್ಟು ಹೋಗುತ್ತಿದ್ದ. ಮಧ್ಯಾಹ್ನ ಓಡಿ ಬಂದು ಮಗ್ಗುಲು ತಿರುಗಿಸಿ ಮತ್ತೆ ಹೋಗುತ್ತಿದ್ದ. ಆದರೂ ಬೆನ್ನಿನ ಅಡಿಯಲ್ಲಿ ಹುಣ್ಣಾಯಿತು. ಮಾಯುವುದು, ಮತ್ತೆ ಬಾಯಿ ಬಿಡುವುದು. ಕೊಟ್ಟಿಗೆಯಲ್ಲಿ ಕೀವಿನ ವಾಸನೆ ಯಾವಾಗಲೂ ಇರುತ್ತಿತ್ತು. ಅವನು ಹೊರಗೆ ಗದ್ದೆಯ ಹುಣಿಯ ಬದುವಿನ ಮೇಲೆ ಕುಳಿತು ಪ್ರಾರ್ಥಿಸುತ್ತಿದ್ದ. ಮೊದಮೊದಲು ಅವಳ ಕಾಲಿಗಾಗಿ ಕೇಳುತ್ತಿದ್ದ, ಆಮೇಲೆ ಕ್ಷಮೆಗಾಗಿ. ಕೊನೆಕೊನೆಗೆ ಮಾತೇ ಇಲ್ಲದೆ ಕುಳಿತು ಎದ್ದು ಬರುತ್ತಿದ್ದ.

ಎರಡು ವರ್ಷ ಹೀಗೆ ಕಳೆಯಿತು. ೧೯೬೩ರ ಡಿಸೆಂಬರಿನ ಒಂದು ಬೆಳಿಗ್ಗೆ ಚಳಿ ಜೋರಿತ್ತು. ನೀರು ಕಾಯಿಸುವ ಸೌದೆ ಹಸಿಯಿದ್ದುದರಿಂದ ಅವನು ತೊಟ್ಟಿಯ ನೀರನ್ನೇ ತಂದು ಅವಳ ಪಾದ ತೊಳೆಯತೊಡಗಿದ.

"ನೀರು ತಣ್ಣಗುಂಟು," ಎಂದಳು ಲೀದಿಯ.

ಅವನ ಕೈ ನಿಂತಿತು. "ಹೇಗೆ ಗೊತ್ತಾಯ್ತು?"

ಅವಳೂ ಆಗಲೇ ಗಮನಿಸಿದಂತಿತ್ತು. ಇಬ್ಬರೂ ಆ ಎಡಗಾಲನ್ನು ನೋಡಿದರು. ಅವನು ಬೆರಳಿನಿಂದ ಅಂಗಾಲು ಮುಟ್ಟಿದ. "ಅಲ್ಲಿ," ಅಂದಳು. ಹಿಮ್ಮಡಿ ಮುಟ್ಟಿದ. "ಅಲ್ಲಿ ಇಲ್ಲ." ಮತ್ತೆ ಕಿರುಬೆರಳು. "ಉಂಟು. ಸ್ವಲ್ಪ." ಅವಳು ಅವನ ಕೈಯಿಂದ ತನ್ನ ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಮತ್ತೆ ಮತ್ತೆ ಪರೀಕ್ಷಿಸಿದಳು. ಎಡಪಾದದ ಮುಂಭಾಗದಲ್ಲಿ ಒಂದು ಅಂಗೈಯಷ್ಟು ಜಾಗಕ್ಕೆ ಜೀವ ಬಂದಿತ್ತು. ಸಿಲ್ವಾನ ಆ ಪಾದಕ್ಕೆ ಹಣೆ ಇಟ್ಟು ಅತ್ತ.

"ಯಾರಿಗೂ ಹೇಳಬೇಡಿ," ಎಂದಳು ಅವಳು. "ಹೇಳಿದರೆ ಮತ್ತೆ ಲಾರಿ ತರ್ತಾರೆ."

ಅವನು ಪುತ್ತೂರಿಗೆ ಹೋಗಿ ಡಾಕ್ಟರನ್ನು ಮಾತ್ರ ಕೇಳಿದ. ಎಂಟು ವರ್ಷದ ಮೇಲೆ ಹಾಗಾಗುವುದು ಅಪರೂಪ, ಇಲ್ಲವೆನ್ನಲಾಗದು, ಆದರೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ ಎಂದು ಅವರು ಹೇಳಿದರು. ಅವರು ಹೇಳಿದಂತೆಯೇ ಆಯಿತು. ಅದು ಹೆಚ್ಚಲಿಲ್ಲ, ಹೋಗಲೂ ಇಲ್ಲ. ಪಾಪವಾಗಲಿ, ಪ್ರಾರ್ಥನೆಯಾಗಲಿ, ಕ್ಷಮೆಯಾಗಲಿ ಇದಕ್ಕೆ ಕಾರಣವೆಂದು ಹೇಳುವ ಧೈರ್ಯ ಸಿಲ್ವಾನನಿಗೆ ಬರಲಿಲ್ಲ. ಆ ದಿನ ಅವನು ಏನನ್ನೂ ಕೇಳಿರಲಿಲ್ಲ. ಅವಳು ಏನನ್ನೂ ಕೊಟ್ಟಿರಲಿಲ್ಲ.

೧೯೬೫ರ ಬೇಸಗೆಯಲ್ಲಿ ಹುಣ್ಣಿನ ವಿಷ ರಕ್ತಕ್ಕೇರಿತು. ಜ್ವರ ಬಿಟ್ಟು ಬಿಟ್ಟು ಬರುತ್ತಿತ್ತು. ಒಂದು ಮಧ್ಯಾಹ್ನ ಅವನು ಅವಳ ಕೂದಲು ಬಾಚುತ್ತಿದ್ದ. ಸುಹರಾ ಬಾಣಂತಿಯಾದ ಮೇಲೆ ಆ ಕೆಲಸವನ್ನೂ ಅವನೇ ಕಲಿತಿದ್ದ.

"ನಿಮ್ಮ ಪ್ರಸಂಗದಲ್ಲಿ ಹೇಳ್ತಿದ್ದಿರಿ, ಕ್ಷಮೆ ಅಂದರೆ ಒಮ್ಮೆ ಆದರೆ ಆಯ್ತು ಅಂತ," ಎಂದಳು ಲೀದಿಯ. "ದೇವರಿಗೆ ಹಾಗೆ ಇರಬಹುದು. ನನಗೆ ಹಾಗೆ ಆಗಲಿಲ್ಲ. ಕೆಲವು ದಿನ ಬೆಳಿಗ್ಗೆ ಏಳುವಾಗ ಇರ್ತದೆ. ನೀವು ತಿರುಗಿಸುವಾಗ ಬೆನ್ನು ನೋವಾಗ್ತದಲ್ಲ, ಆಗ ಹೋಗ್ತದೆ. ಮಗುವಿನ ನೆನಪಾದರೂ ಹೋಗ್ತದೆ."

ಬಾಚಣಿಗೆ ಅವನ ಕೈಯಲ್ಲೇ ನಿಂತಿತ್ತು. "ಇವತ್ತು?" ಎಂದು ಕೇಳಿದ.

"ಇವತ್ತು ಉಂಟು."

ಅವನು ಸಿಕ್ಕು ಬಿಡಿಸಿ ಜಡೆ ಹಾಕಿದ.

ಹನ್ನೆರಡು ದಿನದ ಮೇಲೆ ಬೆಳಗಿನ ಹೊತ್ತು ಲೀದಿಯ ತೀರಿಕೊಂಡಳು. ಸಿಲ್ವಾನ ಗಂಜಿ ಬಸಿಯಲು ಒಲೆಯ ಹತ್ತಿರ ಹೋಗಿದ್ದ, ಬರುವಷ್ಟರಲ್ಲಿ ಮುಗಿದಿತ್ತು. ಆ ಬೆಳಿಗ್ಗೆ ಕ್ಷಮೆ ಇತ್ತೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ಅವಳನ್ನು ಸುಗುಣಳ ಪಕ್ಕದಲ್ಲಿ ಮಣ್ಣು ಮಾಡಿದರು. ಅವನಿಗೆ ಪ್ರಾರ್ಥನೆ ಹೇಳುವ ಅಧಿಕಾರವಿರಲಿಲ್ಲವಾದ್ದರಿಂದ ಪುತ್ತೂರಿನಿಂದ ಅಯ್ಯನವರು ಬರುವವರೆಗೆ ಎಲ್ಲರೂ ಬಿಸಿಲಿನಲ್ಲಿ ಕಾದರು. ಅವನು ಜನರ ಹಿಂದೆ, ಆದಂ ಕುಂಞಿಯ ಪಕ್ಕದಲ್ಲಿ ನಿಂತಿದ್ದ.